ಅಂಗಡಿಯಲ್ಲಿ ಸರಿ, ಮನೆಯಲ್ಲಿ ಟಕ್

ನನಗೆ ಸಿಟ್ಟು ಬೇಗ ಬರುತ್ತದೆ. ಕೋಟೇಶ್ವರದಲ್ಲಿ ನನ್ನ ಹತ್ತಿರ ಇನ್ವರ್ಟರ್, ಚಾರ್ಜರ್ ರಿಪೇರಿಗೆ ಕೊಟ್ಟವರಿಗೆಲ್ಲ ಇದು ಗೊತ್ತು. ಆದರೆ ಬೀಜಾಡಿಯ ವನಜಕ್ಕನ ಚಾರ್ಜರ್ ತರಿಸಿದಷ್ಟು ಸಿಟ್ಟನ್ನು ಇದುವರೆಗೆ ಯಾರೂ ತರಿಸಿಲ್ಲ.

ವನಜಕ್ಕ ಬೆಳಿಗ್ಗೆ ಬಂದರಿನಲ್ಲಿ ಬಂಗುಡೆ ಮೀನು ಕೊಂಡು ಕೊಕ್ಕರ್ಣೆ ಕಡೆಯ ಮನೆಗಳಿಗೆ ಮಾರುವವರು. ಬಹಳ ವರ್ಷ ಬುಟ್ಟಿ ಹೊತ್ತು ಬಸ್ಸಿನಲ್ಲೇ ಹೋದರು. ಕಂಡಕ್ಟರ್ ಹತ್ತಿಸಿಕೊಂಡರೆ ಪುಣ್ಯ. ಒಮ್ಮೆ ಯಾರೋ ವಾಸನೆಯೆಂದು ಗಲಾಟೆ ಎಬ್ಬಿಸಿ, ಬಾರ್ಕೂರಿನ ಗದ್ದೆಬಯಲ ನಡುವೆ ಅವರನ್ನು ಇಳಿಸಿಬಿಟ್ಟರು. ಕರಗಿದ ಐಸಿನ ನೀರು ಮೈಮೇಲೆ ಸೋರುತ್ತಿದ್ದರೂ ಬುಟ್ಟಿ ಹೊತ್ತೇ ನಡೆದರು. ಆಮೇಲೆ ಚೀಟಿ ಹಾಕಿ ಬ್ಯಾಟರಿ ಸ್ಕೂಟರ್ ತಂದು, ನಡುವಯಸ್ಸು ದಾಟಿದ ಮೇಲೆ ಬಿದ್ದು ಎದ್ದು ಕಲಿತರು.

ಈ ಚಳಿಗಾಲದಲ್ಲಿ ಚಾರ್ಜರ್ ಕೈಕೊಟ್ಟಿತು. ಸಿಕ್ಕಿಸಿದರೆ ಕೆಂಪು ದೀಪ ಹತ್ತುತ್ತದೆ, ಟಕ್ ಎನ್ನುತ್ತದೆ, ಆರುತ್ತದೆ, ಮತ್ತೆ ಮೊದಲಿನಿಂದ ಶುರು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಕಾಲುಭಾಗವೂ ತುಂಬಿರುವುದಿಲ್ಲ.

"ಹ್ವಾಯ್ ಚಂದ್ರ, ಇದನ್ನೊಂದ್ ಸಮಾ ಮಾಡಿ ಕೊಡ್ ಮಾರಾಯಾ. ನಾನಿನ್ನ್ ಆ ಬಸ್ಸ್ ಹತ್ತುದಿಲ್ಲ" ಎಂದರು.

ಅಂಗಡಿಯಲ್ಲಿ ಅವರ ಸ್ಕೂಟರಿಗೇ ಸಿಕ್ಕಿಸಿ ಇಟ್ಟೆ. ಸಂಜೆಯವರೆಗೆ ದೀಪ ಒಮ್ಮೆಯೂ ಆರಲಿಲ್ಲ. ಕಳಿಸಿದೆ. ಮರುದಿನ ಮತ್ತೆ ಹಾಜರ್. ಚಾರ್ಜರ್ ಬಿಚ್ಚಿ ಕೆಪಾಸಿಟರ್ ಬದಲಿಸಿದೆ, ಬೆಸುಗೆಗಳನ್ನೆಲ್ಲ ಹೊಸದಾಗಿ ಹಾಕಿದೆ. ಅಂಗಡಿಯಲ್ಲಿ ಸರಿ, ಮನೆಯಲ್ಲಿ ಟಕ್! ಕರೆಂಟಿನದೇ ದೋಷವೆಂದು ಒಂದು ಮಧ್ಯಾಹ್ನ ಬೀಜಾಡಿಗೆ ಹೋಗಿ ಅಳೆದರೆ ವೋಲ್ಟೇಜ್ ಸರಿಯಿತ್ತು. ಗೋಡೆಯ ಸಾಕೆಟ್ ಬದಲಿಸಿದೆ. ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

ಅಷ್ಟರಲ್ಲಿ ವನಜಕ್ಕನ ವ್ಯಾಪಾರ ನಿಂತಿತ್ತು. ಕೊಕ್ಕರ್ಣೆಗೆ ಬೇರೆ ಯಾರದೋ ಮೀನಿನ ಟೆಂಪೋ ಬರತೊಡಗಿತ್ತು.

"ಹೋದ ಗಿರಾಕಿ ತಿರ್ಗಿ ಬತ್ರಾ ಚಂದ್ರ?" ಎಂದು ಕೇಳಿದರು.

ತಲೆಕೆಟ್ಟು ಒಂದು ಸಂಜೆ ಹೇಳದೆ ಕೇಳದೆ ಅವರ ಮನೆಗೆ ಹೋದೆ. ವನಜಕ್ಕ ಜಗಲಿಯಲ್ಲಿ ಕುಳಿತು, ಬಟ್ಟೆಚೂರನ್ನು ತೆಂಗಿನೆಣ್ಣೆಯಲ್ಲಿ ಅದ್ದಿ, ಚಾರ್ಜರಿನ ವಯರಿನ ತುದಿಗೆ, ಸ್ಕೂಟರಿಗೆ ಸಿಕ್ಕಿಸುವ ಪಿನ್ನುಗಳಿಗೆ ಹಚ್ಚುತ್ತಿದ್ದರು. ಮಗುವಿನ ತಲೆಗೆ ಹಚ್ಚುವಷ್ಟು ಎಣ್ಣೆ!

"ಎಂತ ಮಾಡ್ತ್ರಿ ಅಕ್ಕಾ!"

"ಉಪ್ಪ್ ಗಾಳಿ ಅಲ್ದಾ, ತುಕ್ಕ್ ಹಿಡಿತ್ತ್. ದೋಣಿ ಸಾಮಾನಿಗೆಲ್ಲ ಅಪ್ಪಯ್ಯ ದಿನಾ ಎಣ್ಣಿ ಹಚ್ತಿದ್ರ್."

ಪಿನ್ನನ್ನು ಉಗುರಿನಿಂದ ಕೆರೆದೆ. ಚಳಿಗೆ ಹೆಪ್ಪುಗಟ್ಟಿದ ಎಣ್ಣೆಗೆ ಉಪ್ಪು, ಧೂಳು ಸೇರಿ ಬಿಳಿ ಅಂಟು. ಪಿನ್ನಿಗೂ ಸ್ಕೂಟರಿಗೂ ಸಂಪರ್ಕ ಸರಿಯಾಗಿ ಆಗುತ್ತಲೇ ಇರಲಿಲ್ಲ. ಬ್ಯಾಟರಿಯ ಸಂಪರ್ಕ ತಪ್ಪಿತೆಂದು ಚಾರ್ಜರ್ ನಿಲ್ಲುವುದು, ಮತ್ತೆ ಶುರು ಮಾಡುವುದು, ಇಷ್ಟೇ ಕಥೆ.

"ಮತ್ತೆ ನನ್ ಅಂಗ್ಡಿಗ್ ತರುವತ್ತಿಗೆ ಈ ಎಣ್ಣಿ ಎಲ್ಲಿಗ್ ಹೋತಿತ್ತ್?" ಎಂದು ಕೂಗಿದೆ.

ವನಜಕ್ಕ ತಲೆ ತಗ್ಗಿಸಿದರು. "ಗಾಡಿ, ವಯರ್ ಎಲ್ಲ ಸೋಪ್ ಹಾಕಿ ಒರ್ಸಿ ತರ್ತಿದ್ದೆ. ಮೀನ್ ವಾಸ್ನಿ ಅಂದೇಳಿ ನೀನೂ ಮೂಗ್ ಮುಚ್ಕಂಡ್ರೆ?"

ಬಂದ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೋ ತಿಳಿಯಲಿಲ್ಲ. ಬಸ್ಸಿನಲ್ಲಿ ಅಂದು ಕೂಗಾಡಿದವರು ಎದುರಿಗಿದ್ದಿದ್ದರೆ ಅವರ ಮೇಲೆ ತೀರಿಸುತ್ತಿದ್ದೆ. ಪಿನ್ನು ಚೊಕ್ಕ ಮಾಡಿ ಸಿಕ್ಕಿಸಿದೆ. ದೀಪ ಆರದೆ ಉರಿಯಿತು.

"ಇನ್ನ್ ಎಣ್ಣಿ ಹಚ್ಚುದ್ ಬ್ಯಾಡ, ತೊಳುದೂ ಬ್ಯಾಡ. ಹ್ಯಾಂಗಿತ್ತೋ ಹಾಂಗೇ ತಕಂಡ್ ಬನ್ನಿ" ಎಂದೆ.

"ಆಯ್ತ್" ಎಂದರು.

ಗಿರಾಕಿಗಳು ಹೆಚ್ಚಿನವರು ಮರಳಿ ಬಂದರು. ಕೆಲವು ದಿನ ಕಳೆದು ಹಾರ್ನ್ ಕೂಗುವುದಿಲ್ಲವೆಂದು ವನಜಕ್ಕ ಗಾಡಿ ತಂದರು. ಬಿಚ್ಚಿದರೆ ಹಾರ್ನಿನೊಳಗಿಂದ ಸೋಪಿನ ನೀರು ಸುರಿಯಿತು. ಬೈಯಲೆಂದು ತಲೆ ಎತ್ತಿದೆ. ವನಜಕ್ಕ ಅಂಗಡಿಯೊಳಗೆ ಇರಲಿಲ್ಲ. ಗಾಡಿ ಬಿಟ್ಟು, ಮೀನಿನ ವಾಸನೆ ನನಗೆ ತಾಗದಷ್ಟು ದೂರ, ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದರು.