ಸಂಜೆಯ ಹೊತ್ತನ್ನು ನನಗೆ ಬಿಟ್ಟುಕೊಟ್ಟ ಶಾಮಣ್ಣನವರು

ಆ ಬೆಳಿಗ್ಗೆ ಸೌದೆಕೋಣೆಯ ಮುಂದೆ ನಾವು ನಾಲ್ವರು ನಿಂತಿದ್ದೆವು. ಖಾಲಿ ಬುಟ್ಟಿ ಹಿಡಿದ ಸಾತಮ್ಮ, ಹಾಲಿನ ಕೆಂಪಮ್ಮ, ಹಂಡೆಗೆ ಉರಿ ಹಾಕಲು ಸೌದೆ ಬೇಕಾಗಿದ್ದ ವಠಾರದ ಯಜಮಾನರು, ಹೆಗಲ ಮೇಲೆ ಟವಲ್ಲು ಹಾಕಿಕೊಂಡ ನಾನು. ಬಾಗಿಲಿಗೆ ಒಳಗಿನಿಂದ ಅಗುಳಿ. ಸಂದಿಯಿಂದ ಊದುಬತ್ತಿಯ ಹೊಗೆ ಎಳೆಯಾಗಿ ಹೊರಗೆ ಬರುತ್ತಿತ್ತು.

"ಏನಮ್ಮ ಸಾತಮ್ಮ, ನಿಮ್ಮೆಜಮಾನ್ರು ಇನ್ನೂ ಎಷ್ಟು ಹೊತ್ತು? ನನಗೆ ಕಛೇರಿ ಇದೆ" ಎಂದರು ಯಜಮಾನರು.

"ನನ್ನನ್ನೇನು ಕೇಳ್ತೀರಿ? ಅವರು ಯಾರಿಗೆ ಕಾಯ್ತಿದ್ದಾರೋ ಅವರನ್ನ ಕೇಳಿ."

ಅಷ್ಟರಲ್ಲಿ ಅಗುಳಿ ಸರಿದು ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಶಾಮಣ್ಣನವರು. ಕೆಂಪು ಬನಾತಿನ ಕೋಟು, ಕತ್ತಿನವರೆಗೂ ಫಳಫಳಿಸುವ ಹಿತ್ತಾಳೆ ಗುಂಡಿಗಳು, ಕೆಳಗೆ ಬಿಳಿಯ ಕಚ್ಚೆಪಂಚೆ, ತೋಳಿನ ಮೇಲೆ ಒಂದಿಷ್ಟು ಸೌದೆಯ ಚಕ್ಕೆ. ನಮ್ಮೆಲ್ಲರನ್ನೂ ಒಮ್ಮೆ ನೋಡಿ, ದರ್ಬಾರು ಮುಗಿಸಿ ಬಂದವರ ಗತ್ತಿನಲ್ಲಿ, "ಇವತ್ತೂ ಬರಲಿಲ್ಲ. ಸೌದೆ ತಗೊಳ್ಳಿ" ಎಂದರು.

ಕೃಷ್ಣಮೂರ್ತಿಪುರದ ಆ ವಠಾರದಲ್ಲಿ ನಾನು ಒಂಟಿ ಕೋಣೆ ಹಿಡಿದಿದ್ದೆ. ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷಗಳಾಗಿದ್ದ ಕಾಲ. ಪಕ್ಕದ ಮನೆ ಶಾಮಣ್ಣನವರದು. ಅರಮನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದವರು. ಬ್ಯಾಂಡು ಸಣ್ಣದಾದಾಗ ಇವರನ್ನು ಮನೆಗೆ ಕಳಿಸಿದ್ದರು. ಕ್ಲಾರಿನೆಟ್ಟನ್ನು ಹಿಂದಕ್ಕೆ ಕೊಟ್ಟು ಬಂದರೂ ಕಿವಿಯನ್ನು ಮಾತ್ರ ಕೊಟ್ಟಿರಲಿಲ್ಲ. ಲೋಕವನ್ನೆಲ್ಲ ಅದರಿಂದಲೇ ಅಳೆಯುತ್ತಿದ್ದರು. ಊಟಕ್ಕೆ ಕೂತರೆ, "ಸಾತೂ, ಸಾರು ಶ್ರುತಿಗೆ ಬಂದಿಲ್ಲ ಕಣೇ, ಒಂದು ಚೂರು ಹುಣಿಸೆ ಏರಿಸು" ಎನ್ನುವರು. ಜಟಕಾ ಹೋದರೆ, "ಆ ಕುದುರೆಗೆ ಎಡಗಾಲಿನ ಲಾಳ ಸಡಿಲ, ತಾಳ ತಪ್ತಿದೆ ನೋಡು" ಎನ್ನುವರು. ಯಜಮಾನರ ಗೊರಕೆಗೂ ಒಂದು ಇಂಗ್ಲಿಷ್ ರಾಗದ ಹೆಸರು ಇಟ್ಟಿದ್ದರು.

ಬ್ಯಾಂಡಿನಲ್ಲಿ ಇವರ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಆಂಗ್ಲೋ-ಇಂಡಿಯನ್ ಗೆಳೆಯನೊಬ್ಬ ದೇಶ ಬಿಟ್ಟು ಹೊರಟಾಗ ಒಂದು ಪುಸ್ತಕ ಕೊಟ್ಟು ಹೋಗಿದ್ದ. ಈಗಿನ ಕಾಲದವರು ಮಾಡಬಹುದಾದ ಮಂತ್ರಸಾಧನೆಯ ಪುಸ್ತಕ ಅದು. ಹುಟ್ಟಿದ ಪ್ರತಿಯೊಬ್ಬನಿಗೂ ಅವನದೇ ಆದ ಒಬ್ಬ ಪವಿತ್ರ ಕಾವಲು ದೇವತೆ ಇರುತ್ತಾನೆ. ಏಕಾಂತದಲ್ಲಿ ದೀಪ ಹಚ್ಚಿ, ಧೂಪ ಹಾಕಿ, ಶುಭ್ರವಾದ ಉಡುಪು ತೊಟ್ಟು, ಸೂರ್ಯ ಹುಟ್ಟುವಾಗ ಒಮ್ಮೆ, ಮುಳುಗುವಾಗ ಒಮ್ಮೆ, ಹೃದಯ ಹೊತ್ತಿಕೊಳ್ಳುವ ಹಾಗೆ ಅವನನ್ನು ಕರೆಯಬೇಕು. ಹಾಗೆ ಅರ್ಧ ವರ್ಷ ಕರೆದರೆ ಅವನು ಬಂದು ಮಾತಾಡುತ್ತಾನೆ, ನೀನು ಯಾತಕ್ಕೆ ಹುಟ್ಟಿದೆ ಎನ್ನುವುದನ್ನು ಹೇಳುತ್ತಾನೆ. ಇದು ಅದರ ಸಾರ. ಬ್ಯಾಂಡಿನಿಂದ ಮನೆಗೆ ಬಂದು ಕೂತಿದ್ದ ಶಾಮಣ್ಣನವರಿಗೆ ಈ ಕೊನೆಯ ಮಾತು ಹಿಡಿದುಬಿಟ್ಟಿತು. ಯುಗಾದಿಯ ದಿನ ಶುರುಮಾಡಿದರು. ದಸರೆಗೆ ಮುಗಿಯಬೇಕು.

ಏಕಾಂತ ಎಂದರೆ ನಮ್ಮ ವಠಾರದಲ್ಲಿ ಎಲ್ಲಿಂದ ತರುವುದು? ಒಳಗಿನಿಂದ ಅಗುಳಿ ಇದ್ದ ಜಾಗಗಳು ಎರಡೇ, ಬಚ್ಚಲು ಮತ್ತು ಸೌದೆಕೋಣೆ. ಬಚ್ಚಲಿಗೆ ಸರದಿ ಇರುತ್ತಿತ್ತು. ಹೀಗಾಗಿ ದೇವತೆಯನ್ನು ಸೌದೆಕೋಣೆಗೇ ಕರೆಯಬೇಕಾಯಿತು. ಶುಭ್ರವಾದ ಉಡುಪಿಗೆ ಬ್ಯಾಂಡಿನ ಕೋಟು. "ದೊಡ್ಡವರ ಮುಂದೆ ನಿಲ್ಲೋವಾಗ ಮೂವತ್ತು ವರ್ಷ ಇದನ್ನೇ ಹಾಕ್ಕೊಂಡಿದೀನಿ. ಬೇರೆ ಏನು ಹಾಕ್ಕೊಂಡ್ರೂ ಮೈ ನೆಟ್ಟಗೆ ನಿಲ್ಲಲ್ಲ ಕಣೋ" ಎನ್ನುತ್ತಿದ್ದರು. ಗುಂಡಿಗಳನ್ನು ಹುಣಿಸೆಹಣ್ಣಿನಿಂದ ತಿಕ್ಕುವ ಕೆಲಸ ಸಾತಮ್ಮನದು. ಆಕೆ ತಿಕ್ಕುತ್ತಾ, "ಬರೋನು ಬಂದ್ರೆ ಒಂದು ಮಾತು ಕೇಳ್ಬೇಕು ನಾನು. ಇಷ್ಟು ವರ್ಷ ಈ ಮನುಷ್ಯನ್ನ ಕಾದಿದ್ದು ನಾನೋ ನೀನೋ ಅಂತ" ಎನ್ನುವರು.

ಕೆಂಪಮ್ಮ ಮೇಟಗಳ್ಳಿ ಕಡೆಯವಳು. ಮೈಸೂರಿನ ನಾಲ್ಕು ಬೀದಿಗೆ ಹಾಲು ಹಾಕುತ್ತಿದ್ದಳು. 'ಕಾವಲು ದೇವತೆ' ಎಂದರೆ ಅವಳು ಅರ್ಥ ಮಾಡಿಕೊಂಡದ್ದು ಅವಳ ಊರಿನ ಎಲ್ಲೆ ಕಾಯುವ ದೇವರನ್ನು. ಒಂದು ದಿನ ಅವಳ ಎಮ್ಮೆ ಕಳೆದುಹೋಯಿತು. ಮರುದಿನ ಬೆಳಿಗ್ಗೆ ಹಾಲಿನ ಜೊತೆಗೆ ಕಂಕುಳಲ್ಲಿ ಒಂದು ಹುಂಜವನ್ನೂ ಹಿಡಿದು ನೇರ ಸೌದೆಕೋಣೆಯ ಮುಂದೆ ಬಂದು ನಿಂತಳು. ವಠಾರದ ಹೆಂಗಸರೆಲ್ಲ "ಅಯ್ಯೋ ಶಿವನೇ, ಮಡಿ ಮಡಿ" ಎಂದು ಒಳಗೆ ಓಡಿದರು. ಶಾಮಣ್ಣನವರು ಕೋಟಿನಲ್ಲೇ ಹೊರಗೆ ಬಂದರು.

"ಇವನು ಕೋಳಿ ತಿನ್ನೋನಲ್ಲ ಕಣಮ್ಮ."

"ಮತ್ತೆ ಯೋನ್ ತಿಂದಾನು ಬುದ್ಧಿ? ಹೇಳಿ, ಅದ್ನೇ ತತ್ತೀನಿ."

"ಏನೂ ತಿನ್ನಲ್ಲ."

ಕೆಂಪಮ್ಮ ಹುಂಜವನ್ನು ಆ ಕಂಕುಳಿನಿಂದ ಈ ಕಂಕುಳಿಗೆ ಬದಲಾಯಿಸಿಕೊಂಡಳು. "ಯೋನೂ ತಿನ್ನಂಗಿಲ್ಲ ಅಂದ್ರೆ ಅವ್ನು ಯಾಕೆ ಬಂದಾನು ಬುದ್ಧಿ? ಸುಮ್ ಸುಮ್ಕೆ ಕರುದ್ರೆ ನಮ್ ನಂಟ್ರೇ ಬರಾಕಿಲ್ಲ."

ಶಾಮಣ್ಣನವರು ಅದಕ್ಕೆ ನಗಲಿಲ್ಲ. ಆ ದಿನವೆಲ್ಲ ಯೋಚನೆಯಲ್ಲಿದ್ದರು. ಮರುದಿನದಿಂದ ದೀಪದ ಪಕ್ಕದಲ್ಲಿ ಒಂದು ಲೋಟ ಕಾಫಿ ಇಡತೊಡಗಿದರು. ಪುಸ್ತಕದಲ್ಲಿ ಅದು ಇರಲಿಲ್ಲ. "ಮನೆಗೆ ಬಾ ಅಂತ ಕರೆಯೋದು, ಒಂದು ಲೋಟ ಕಾಫಿ ಕೊಡದೆ ಇರೋದು, ಅದು ಲಂಡನ್ನಿನಲ್ಲಿ ನಡೆಯುತ್ತೇನೋಪ್ಪ" ಎಂದರು. ಎಮ್ಮೆ ಮೂರನೆಯ ದಿನ ತಾನೇ ಮನೆಗೆ ಬಂತು. ಕೆಂಪಮ್ಮ ಅದರ ಕೀರ್ತಿಯನ್ನು ಸೌದೆಕೋಣೆಗೇ ಕೊಟ್ಟು, ಒಂದು ವಾರ ಹಾಲಿಗೆ ನೀರು ಹಾಕಲಿಲ್ಲ ಎಂದು ಸಾತಮ್ಮ ಹೇಳುತ್ತಿದ್ದರು.

ಈಗ ನನ್ನ ಸಂಗತಿ. ನಾನು ಉಗ್ಗ. ಮಾತು ಬಾರದವನಲ್ಲ. ಅಜ್ಜಿ, ಸೋದರತ್ತೆ, ಅವರ ಗೆಳತಿಯರು, ಎಲ್ಲರೂ ಸೇರಿ ನನ್ನೊಳಗೆ ಬೇಕಾದಷ್ಟು ಮಾತು ತುಂಬಿದ್ದರು. ಹೊರಗೆ ಬರುವ ಬಾಗಿಲಲ್ಲಿ ಮಾತ್ರ ನೂಕುನುಗ್ಗಲು. ಕ, ಪ, ಬ ಅಕ್ಷರಗಳು ಬಂದರೆ ಕತ್ತಿನ ನರ ಉಬ್ಬಿ, ಕಣ್ಣು ಮುಚ್ಚಿಹೋಗುತ್ತಿತ್ತು. ಎದುರಿಗಿದ್ದವರು ಪಾಪ ಎಂದುಕೊಂಡು ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅದರಷ್ಟು ಸಂಕಟ ಇನ್ನೊಂದಿಲ್ಲ. ನಮ್ಮ ತುತ್ತನ್ನು ಇನ್ನೊಬ್ಬರು ಅಗಿದು ಕೊಟ್ಟ ಹಾಗೆ. ಇಂಥವನು ಮಂಡಿ ಮೊಹಲ್ಲಾದ ಒಂದು ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು! ಪಾಠವನ್ನೆಲ್ಲ ಬೋರ್ಡಿನ ಮೇಲೆ ಬರೆದು ದಿನ ನೂಕುತ್ತಿದ್ದೆ. ಶ್ರಾವಣದ ಹೊತ್ತಿಗೆ ಹೆಡ್‌ಮಾಸ್ಟರು ಕರೆದು, "ದಸರಾ ರಜೆ ಮುಗಿದ ಮೇಲೆ ಇನ್ಸ್‌ಪೆಕ್ಟರು ಬರ್ತಾರೆ ಕಣ್ರೀ. ಬಾಯಿಬಿಟ್ಟು ಪಾಠ ಮಾಡಿದ್ರೆ ಕೆಲಸ ಖಾಯಂ. ಇಲ್ದಿದ್ರೆ ನಾನೇನೂ ಮಾಡೋಕಾಗಲ್ಲ" ಎಂದರು. ಊರಲ್ಲಿ ಅಮ್ಮ, ಮದುವೆಯ ವಯಸ್ಸಿಗೆ ಬಂದ ತಂಗಿ. ಆ ಕೆಲಸವಿಲ್ಲದಿದ್ದರೆ ನಮಗೆ ಬೇರೆ ದಾರಿ ಇರಲಿಲ್ಲ.

ಆ ಸಂಜೆ ಜಗಲಿಯ ಮೇಲೆ ಕೂತಿದ್ದೆ. ಶಾಮಣ್ಣನವರು ಕೋಟು ಹಾಕಿಕೊಂಡು ಸೌದೆಕೋಣೆಗೆ ಹೊರಟವರು ನಿಂತರು. "ಏನೋ ನಾಣಿ, ಮುಖ ಬಿದ್ದುಹೋಗಿದೆ?"

ಹೇಳಲು ಹೊರಟೆ. ಒಂದು ಕಾಲು ಗಂಟೆಯಾದರೂ ಹಿಡಿದಿರಬೇಕು. ಅವರು ಒಂದು ಶಬ್ದವನ್ನೂ ನನ್ನ ಬಾಯಿಂದ ಎತ್ತಿಕೊಳ್ಳಲಿಲ್ಲ. ಸೂರ್ಯ ಮುಳುಗಿಹೋದ. ಕೊನೆಗೆ ಕೋಟಿನ ಗುಂಡಿ ಬಿಚ್ಚುತ್ತಾ ಹೇಳಿದರು: "ನಾಳೆಯಿಂದ ಬೆಳಿಗ್ಗೆ ನನಗೆ, ಸಂಜೆ ನಿನಗೆ. ನಿನ್ನವನನ್ನ ನೀನು ಕರಿ."

"ನ-ನನಗೆ ಮಂತ್ರ ಬರಲ್ಲ."

"ಮಂತ್ರ ಯಾಕೋ? ಹುಟ್ಟಿದಾಗಿಂದ ನಿನ್ನ ಜೊತೆ ಇದಾನೆ, ನಿನ್ನ ಭಾಷೆ ಬರಲ್ವೇನೋ ಅವನಿಗೆ? ದೀಪ ಹಚ್ಚು, ಕೂತ್ಕೋ, ಇವತ್ತು ಏನೇನಾಯ್ತೋ ಹೇಳು. ಗಟ್ಟಿಯಾಗಿ ಹೇಳು. ಮನಸ್ಸಿನಲ್ಲೇ ಹೇಳೋದು ಸೋಮಾರಿಗಳ ಕೆಲಸ."

"ಉ-ಉಗ್ಗಿದರೆ?"

"ಉಗ್ಗು. ಅವನು ಬೇರೆಯವರ ಹಾಗಲ್ಲ. ಅವನಿಗೆ ನೀನೊಬ್ಬನೇ ಇರೋದು, ಬೇರೆ ಸಂಸಾರವಿಲ್ಲ. ಎಲ್ಲಿಗೂ ಹೋಗೋದಿಲ್ಲ, ಎಷ್ಟು ಹೊತ್ತು ಬೇಕಾದ್ರೂ ಕೂತಿರ್ತಾನೆ. ಮಾತು ಬದಲಾಯಿಸ್ಬೇಡ, ಅಷ್ಟೇ. ಹೇಳ್ಬೇಕು ಅಂತ ಹೊರಟ ಮಾತನ್ನೇ ಹೇಳು."

ಮೊದಲ ಸಂಜೆಗಳಲ್ಲಿ ನಾಚಿಕೆಯಿಂದ ಸತ್ತೆ. ಮುಂದೆ ದೀಪ, ಹಿಂದೆ ಸೌದೆಯ ರಾಶಿ, ಅದರೊಳಗೆ ಓಡಾಡುವ ಇಲಿ. ಕೋಟು ಬೇಡವೆಂದರೂ ಕೇಳದೆ ಅದನ್ನೂ ತೊಡಿಸಿದ್ದರು, ತೋಳು ಬೆರಳು ಮುಚ್ಚುತ್ತಿತ್ತು. 'ಇವತ್ತು ಕಾಪಿ ಪುಸ್ತಕ ತಿದ್ದಿದೆ' ಎನ್ನುವ ಒಂದು ಮಾತಿಗೆ ದೀಪದ ಎಣ್ಣೆ ಅರ್ಧ ಇಳಿಯುತ್ತಿತ್ತು. ಆದರೂ ಹೇಳಿದೆ. ಹುಡುಗರು ಅಣಕಿಸಿದ್ದು ಹೇಳಿದೆ. ತಂಗಿಯ ಮದುವೆಯ ಚಿಂತೆ ಹೇಳಿದೆ. ಅಜ್ಜಿ ಸತ್ತಾಗ ನನಗೆ ಅಳುವುದಕ್ಕೂ ಶಬ್ದ ಬರಲಿಲ್ಲ ಎನ್ನುವುದನ್ನು ಹೇಳಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಏನನ್ನೂ ನೋಡಲಿಲ್ಲ. ಬೆಳಕಾಗಲಿ ರೆಕ್ಕೆಯಾಗಲಿ ಕಾಣಲಿಲ್ಲ. ಆದರೆ ಭಾದ್ರಪದದ ಒಂದು ಸಂಜೆ ಮಾತಿನ ನಡುವೆ 'ಪ' ಅಡ್ಡ ಬಂದು ನಿಂತಿತು. ಎಂದಿನಂತೆ ಕಣ್ಣು ಮುಚ್ಚಲು ಹೋದವನಿಗೆ, ಎದುರಿಗೆ ಕೂತವರು ಯಾರೋ ತಮ್ಮ ಪಾಡಿಗೆ ಕಾದುಕೊಂಡಿದ್ದಾರೆ, ಅವರಿಗೆ ಬೇಸರವಿಲ್ಲ ಎನಿಸಿತು. ಎಷ್ಟು ಖಂಡಿತವಾಗಿ ಎನಿಸಿತೆಂದರೆ, ನಾನು ಕಣ್ಣು ತೆರೆದುಕೊಂಡೇ ಸುಮ್ಮನಿದ್ದೆ. ಮಾತು ತಾನಾಗಿ ಬಂತು. ಆಮೇಲೆ ಉಗ್ಗು ಹೋಯಿತೆಂದಲ್ಲ, ಇವತ್ತಿಗೂ ಇದೆ. ಅದರ ಭಯ ಹೋಯಿತು.

ಹೊರಗೆ ಬಂದು ಶಾಮಣ್ಣನವರಿಗೆ ಹೇಳಿದೆ. ಅವರ ಮುಖ ಒಂದು ಕ್ಷಣ ಹೇಗೋ ಆಯಿತು. ಇಷ್ಟು ದಿನ ಕರೆದದ್ದು ಅವರು. ಮರುಕ್ಷಣ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಬಂದ್ಬುಟ್ಟನೇನೋ! ಸಾತೂ, ನಾಣಿಯವನು ಬಂದನಂತೆ, ಕಾಫಿ ಇಡೇ!" ಎಂದು ವಠಾರ ಒಂದಾಗುವ ಹಾಗೆ ಕೂಗಿದರು.

ಇನ್ಸ್‌ಪೆಕ್ಟರು ಬಂದ ದಿನ ಭೂಗೋಳದ ಪಾಠ. 'ಕಾವೇರಿ' ಎನ್ನುವಲ್ಲಿ ನಿಂತುಬಿಟ್ಟೆ. ಹಿಂದಿನ ಬೆಂಚಿನಲ್ಲಿ ಕಿಸಕ್ ಎಂದು ನಗು. ಸೀಮೆಸುಣ್ಣ ಕೈಯಲ್ಲೇ ಇತ್ತು, ಬೋರ್ಡಿನ ಕಡೆ ತಿರುಗಲಿಲ್ಲ. ಹುಡುಗರನ್ನೇ ನೋಡುತ್ತಾ ಕಾದೆ. ನದಿ ಬಂತು. ಅದರ ಹಿಂದೆ ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲೆ, ಎಲ್ಲವೂ ತಡವಾಗಿಯಾದರೂ ಬಂದು ಸೇರಿದವು. ಹೋಗುವಾಗ ಇನ್ಸ್‌ಪೆಕ್ಟರು, "ಪಾಠ ನಿಧಾನವಾಯ್ತು ಮೇಷ್ಟ್ರೇ. ಆದರೆ ಒಬ್ಬ ಹುಡುಗನೂ ಕಿಟಕಿ ಕಡೆ ನೋಡಲಿಲ್ಲ" ಎಂದರು. ಕೆಲಸ ಖಾಯಮ್ಮಾಯಿತು.

ಸಿಹಿ ತೆಗೆದುಕೊಂಡು ಹೋದಾಗ ಶಾಮಣ್ಣನವರು ಮನೆಯಲ್ಲಿರಲಿಲ್ಲ. ಸಾತಮ್ಮ ಮೈಸೂರುಪಾಕನ್ನು ದೇವರ ಮುಂದೆ ಇಟ್ಟು ಬಂದು ಹೇಳಿದರು: "ಒಂದು ಹೊತ್ತು ತಪ್ಪಿದ್ರೂ ಮಾಡಿದ್ದೆಲ್ಲ ಹೋಯ್ತು, ಮೊದಲಿಂದ ಹಿಡೀಬೇಕು ಅಂತ ಅವರ ಪುಸ್ತಕದಲ್ಲಿದೆಯಂತೆ ಕಣಪ್ಪ. ಯುಗಾದಿಯಿಂದ ಕೂತಿದ್ರು. ನಿನಗೆ ಸಂಜೆ ಕೊಟ್ರಲ್ಲ, ಅವತ್ತೇ ಎಲ್ಲ ಹೋಯ್ತು. ನಾನೂ ಹೇಳ್ದೆ, ಇಬ್ಬರೂ ಒಟ್ಟಿಗೇ ಕೂತ್ಕೊಳ್ಳಿ ಅಂತ. ನಾಣಿ ಹೇಳ್ಕೊಳ್ಳೋ ಮಾತು ನಾನು ಕೇಳಿಸ್ಕೋಬಾರದು ಕಣೇ ಅಂದ್ರು."

ಆಮೇಲೆ ಅವರನ್ನು ಕೇಳಿದೆ. ಕೈ ಬೀಸಿಬಿಟ್ಟರು. "ನನ್ನವನಿಗೇನು ರೈಲು ಹಿಡಿಯೋದಿದೆಯಾ? ಬರೋ ಯುಗಾದಿಗೆ ಮತ್ತೆ ಕರೆದರಾಯ್ತು." ಮತ್ತೆ ಕರೆದರು. ಅದರ ಮುಂದಿನ ವರ್ಷವೂ ಕರೆದರು. ಒಂದು ವರ್ಷ ಮಗಳ ಬಾಣಂತನ, ಇನ್ನೊಂದು ವರ್ಷ ಸೌದೆಕೋಣೆಯ ಮಾಡು ಸೋರಿದ್ದು, ಹೀಗೆ ಒಂದಲ್ಲ ಒಂದು ಅಡ್ಡ ಬರುತ್ತಿತ್ತು. ಬಂದನೇ ಎಂದು ಕೇಳಿದರೆ, "ಬಂದ್ರೆ ನಿನಗೆ ಮೊದಲು ಹೇಳ್ತೀನೇನೋ? ಸಾತೂಗೆ ಹೇಳದೆ ಯಾರನ್ನೂ ಮನೆಯೊಳಗೆ ಬಿಡೋ ಹಾಗಿಲ್ಲ" ಎನ್ನುವರು.

ಅರವತ್ತರ ದಶಕದ ಮೊದಲಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದಿತು, ಮಾತೂ ಬಿದ್ದಿತು. ನಾನಾಗ ಮದುವೆಯಾಗಿ ಬೇರೆ ಮನೆ ಮಾಡಿದ್ದೆ. ಸುದ್ದಿ ತಡವಾಗಿ ತಲುಪಿತು, ತಿಳಿದ ಕೂಡಲೇ ಓಡಿದೆ. ಕಡೂರಿನಿಂದ ಮಗಳು ಬಂದಿದ್ದಳು, ನಂಟರು ಮಂಚದ ಸುತ್ತ ಇದ್ದರು. ಶಾಮಣ್ಣನವರು "ಉ... ಉ..." ಎಂದು ಏನನ್ನೋ ಹೇಳಲು ಒದ್ದಾಡುತ್ತಿದ್ದರು. "ಉದಕ, ಗಂಗೋದಕ ಕೇಳ್ತಿದ್ದಾರೆ" ಎಂದು ಒಬ್ಬರು ಬಾಯಿಗೆ ಬಿಟ್ಟರು. ಶಾಮಣ್ಣನವರು ಅಲ್ಲವೆಂದು ತಲೆ ಆಡಿಸಿದರು. "ಉಡುಪಿ ಕೃಷ್ಣನ ಹೆಸರು ಕಣ್ರೀ, ಕೊನೇ ಕಾಲ" ಎಂದರು ಇನ್ನೊಬ್ಬರು. ಅವರ ಕಣ್ಣಿನಲ್ಲಿ ನೀರು ಬಂತು. ಅದು ಭಕ್ತಿಯದಲ್ಲ ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

"ದಯವಿಟ್ಟು ಯಾರೂ ಹೇಳಿಕೊಡಬೇಡಿ" ಎಂದು ಅವರ ಪಕ್ಕದಲ್ಲಿ ಕೂತೆ. ಎಡಗೈ ಹಿಡಿದುಕೊಂಡೆ. "ನನಗೇನೂ ಕೆಲಸವಿಲ್ಲ ಶಾಮಣ್ಣನವರೇ. ನಿಧಾನವಾಗಿ ಹೇಳಿ."

ನಂಟರು ಒಬ್ಬೊಬ್ಬರಾಗಿ ಎದ್ದು ಹೋದರು. ಹೊರಗೆ ಬಿಸಿಲು ಜರುಗಿತು. ಉ ಬಂದು ನಿಲ್ಲುವುದು, ಹಿಂದೆ ಹೋಗುವುದು, ಮತ್ತೆ ಬರುವುದು. ನಾನು ಅವರ ಮುಖ ನೋಡುತ್ತಾ ಕೂತಿದ್ದೆ. ಕೊನೆಗೆ ತುಟಿ ಸೊಟ್ಟಗಾಗಿ, ಒಡೆದು, ಪೂರ್ತಿಯಾಗಿ ಬಂತು: "ಉ...ಪ್ಪಿನ...ಕಾಯಿ."

"ಅಯ್ಯೋ ನನ್ನಪ್ಪ!" ಎಂದು ಸಾತಮ್ಮ ಅಳುತ್ತಾ ನಗುತ್ತಾ ಅಡುಗೆಮನೆಗೆ ಓಡಿದರು. "ಉಪ್ಪು ಖಾರ ಬೇಡ ಅಂತ ಡಾಕ್ಟ್ರು ಅಂದಿದ್ರಲ್ಲ, ಎರಡು ವಾರದಿಂದ ಬರೀ ಗಂಜಿ ಹಾಕ್ತಿದ್ದೀನಿ!" ಮಾವಿನ ಮಿಡಿಯ ರಸದಲ್ಲಿ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದರು. ಶಾಮಣ್ಣನವರು ಕಣ್ಣು ಮುಚ್ಚಿ ಚಪ್ಪರಿಸಿ, ನನ್ನ ಕೈಯನ್ನು ಒಮ್ಮೆ ಅದುಮಿದರು. ಅವರನ್ನು ನಾನು ಜೀವಂತವಾಗಿ ನೋಡಿದ್ದು ಅದೇ ಕೊನೆ.

ಕರ್ಮಗಳೆಲ್ಲ ಮುಗಿದ ಮೇಲೆ ಸಾತಮ್ಮ ಮಗಳ ಜೊತೆ ಕಡೂರಿಗೆ ಹೊರಟರು. ರೈಲು ಹತ್ತಿಸಲು ನಾನು ಸ್ಟೇಷನ್ನಿಗೆ ಹೋದೆ. ಟಿಕೆಟ್ಟಿನ ಕಿಟಕಿಯ ಮುಂದೆ ಉದ್ದದ ಸಾಲು. ನನ್ನ ಸರದಿ ಬಂದಾಗ 'ಕಡೂರು' ಎನ್ನುವುದರ ಮೊದಲ ಅಕ್ಷರದಲ್ಲೇ ನಿಂತೆ. ಹಿಂದಿನವರು ಗೊಣಗಿದರು, ಒಬ್ಬ ನನ್ನ ಪರವಾಗಿ "ಕಡಕೊಳನಾ? ಕೆ.ಆರ್. ನಗರಾನಾ?" ಎಂದು ಕೇಳಿದ. ನಾನು ಅಲ್ಲವೆಂದು ತಲೆಯಾಡಿಸಿ, ಕಿಟಕಿಯೊಳಗಿನ ಗುಮಾಸ್ತನನ್ನು ನೋಡುತ್ತಾ ನಿಂತೆ. ಆಮೇಲೆ "ಕಡೂರಿಗೆ ಎರಡು" ಎಂದೆ. ಅವನು ಕೊಟ್ಟ.