ನಮ್ಮ ತಂಡದ ಕಾರ್ನರಣ್ಣ

ಮಂಡಿ ನೋವು ಎಂದು ಒಂದು ವಾರದಿಂದ ಗೊಣಗುತ್ತಿದ್ದೆ. ಮೊನ್ನೆ ನನ್ನ ಹೆಂಡತಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿ ತಂದಿಟ್ಟಳು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡಿರುವವನಿಗೆ ಕೊಬ್ಬರಿ ವಾಸನೆ ಹೊಸದಲ್ಲ. ಅಂಗಡಿಯಲ್ಲಿ, ಅಂಗಿಯಲ್ಲಿ, ಉಣ್ಣುವ ಕೈಯಲ್ಲೂ ಅದೇ. ಆದರೆ ಕರ್ಪೂರ ಅದರ ಜೊತೆ ಸೇರಿದ್ದೇ ತಡ, ಮೂವತ್ತು ವರ್ಷಕ್ಕೂ ಹಿಂದಿನ ಒಂದು ಜಗಲಿ ಕಣ್ಣ ಮುಂದೆ ಬಂತು. ಅಲ್ಲಿ ಕಾಲು ಚಾಚಿ ಕೂತು ಎರಡೂ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಕಾರ್ನರಣ್ಣ...

ಹುಲಿಕೆರೆಯಿಂದ ಸ್ವಲ್ಪ ಆಚೆಗಿರುವ ನಮ್ಮ ಊರಿನಲ್ಲಿ ಅವರದು ಪಕ್ಕದ ಮನೆ. ಹೆಸರೇನೋ ಇತ್ತು, ಅವರ ತಾಯಿ ಬಿಟ್ಟರೆ ಯಾರೂ ಅದನ್ನು ಬಳಸುತ್ತಿರಲಿಲ್ಲ. ಕಬಡ್ಡಿ ಅಂಕಣದ ಮೂಲೆ ಕಾಯುವವನನ್ನು ಕಾರ್ನರ್ ಅನ್ನುತ್ತಾರೆ. ಅಣ್ಣ ಎಡಮೂಲೆ ಬಿಟ್ಟು ಬೇರೆ ಕಡೆ ನಿಂತದ್ದನ್ನು ನಾನು ನೋಡಿಲ್ಲ. ಅದಕ್ಕೇ ಸುತ್ತಮುತ್ತಲಿಗೆಲ್ಲ ಕಾರ್ನರಣ್ಣ.

ಜನರ ಕಣ್ಣೆಲ್ಲ ಯಾವಾಗಲೂ ರೈಡರ್ ಮೇಲೆ. ಅವನು ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬಂದರೆ ಶಿಳ್ಳೆ. ಅವನೇ ಔಟಾಗಿ ಹೊರಗೆ ಕೂತರೆ, ಅವನನ್ನು ಮತ್ತೆ ಆಟಕ್ಕೆ ಕರೆಸಲು ನಾವು ಎದುರಿನವರ ರೈಡರನ್ನು ಹಿಡಿಯಬೇಕು. ಆ ಹಿಡಿಯುವ ಕೆಲಸ ಅಣ್ಣನದು. ಗೆದ್ದ ಮೇಲೆ ಊರಿನವರು ರೈಡರನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರೆ, ಅಣ್ಣ ಮೂಗಿನ ಮಣ್ಣು ಒರೆಸಿಕೊಳ್ಳುತ್ತಾ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಬಹುಮಾನದ ಟಗರನ್ನು ಹಿಡಿದುಕೊಂಡು ಬರುವುದೂ ಅವರ ಪಾಲಿಗೇ ಬೀಳುತ್ತಿತ್ತು. ಹಿಡಿಯೋದು ನಿಮಗೇ ಚೆನ್ನಾಗಿ ಬರುತ್ತಲ್ಲ ಎಂದು ನಾವು ರೇಗಿಸುತ್ತಿದ್ದೆವು.

ಮೈಗೆ ಎಣ್ಣೆ ಹಚ್ಚಿಕೊಂಡು ಆಡುವ ಹಾಗಿರಲಿಲ್ಲ, ಜಾರುತ್ತದೆ ಎಂದು. ಆಟಕ್ಕೆ ಮೊದಲು ಅಂಪೈರ್ ತೋಳು ತೊಡೆ ಸವರಿ ನೋಡುತ್ತಿದ್ದರು. ಅಣ್ಣ ಹಿಂದಿನ ದಿನವೇ ತಿಕ್ಕಿಕೊಂಡು, ಬೆಳಿಗ್ಗೆ ಸೀಗೆಪುಡಿ ಹಾಕಿ ತೊಳೆದುಕೊಂಡು ಬರುತ್ತಿದ್ದರು. ಜಿಡ್ಡು ಹೋಗುತ್ತಿತ್ತು, ವಾಸನೆ ಹೋಗುತ್ತಿರಲಿಲ್ಲ. ಮೂಗು ಅರಳಿಸಿ ನಿಲ್ಲುತ್ತಿದ್ದ ಅಂಪೈರ್ ಮುಖ ನೋಡಿ ನಮಗೆ ನಗು ತಡೆಯಲು ಆಗುತ್ತಿರಲಿಲ್ಲ.

ನಾನು ಅವರ ಪಕ್ಕದ ಜಾಗದವನು. ರೈಡರ್ ಒಳಗೆ ಬಂದಾಗ ಇಬ್ಬರೂ ಕೈ ಹಿಡಿದು ನಿಲ್ಲುತ್ತಿದ್ದೆವು. ನನ್ನನ್ನು ತಂಡಕ್ಕೆ ಸೇರಿಸಿಕೊಂಡ ದಿನ ಅಣ್ಣ ಕಲಿಸಿದ್ದು ಒಂದೇ ಪಾಠ.

"ನೀನು ಹೆಗಲು ನೋಡ್ಕ, ನಾನು ಕಾಲು ನೋಡ್ಕತೀನಿ. ಅವ್ನು ತಿರುಗ್ತಾವ್ನೆ ಅನ್ಸಿದ್ರೆ ಕೈ ಒತ್ತು."

ಅಷ್ಟೇ. ನಾನು ಒತ್ತುತ್ತಿದ್ದೆ, ಅವರು ಹಾರಿ ಪಾದ ಹಿಡಿಯುತ್ತಿದ್ದರು, ಮಿಕ್ಕವರೆಲ್ಲ ರೈಡರ್ ಮೇಲೆ ಬಿದ್ದು ಅಮುಕುತ್ತಿದ್ದೆವು. ಬೇಲೂರು, ಹಳೇಬೀಡು, ಅರಸೀಕೆರೆ, ಎಲ್ಲಿ ಹೋದರೂ ಇದೇ ನಮ್ಮ ಆಟ. ಅಣ್ಣ ರೈಡರ್ ಮುಖವನ್ನೇ ನೋಡುತ್ತಿರಲಿಲ್ಲ. ಆಮೇಲೆ ಎಲ್ಲಾದರೂ ಸಿಕ್ಕಿ ಮಾತಾಡಿಸಿದರೆ, ಇವನ್ಯಾರು ಎಂದು ನನ್ನನ್ನು ಕೇಳುತ್ತಿದ್ದರು!

ಒಂದು ವರ್ಷ ರಾಜ್ಯ ತಂಡದ ಆಯ್ಕೆಗೆ ಅವರೊಬ್ಬರನ್ನು ಬೆಂಗಳೂರಿಗೆ ಕರೆದರು. ಆ ತಂಡದಲ್ಲಿ ಆಡಿದವರಿಗೆ ಯಾವುದಾದರೂ ಇಲಾಖೆಯಲ್ಲಿ ಕೆಲಸ ಸಿಗುತ್ತಿದ್ದ ಕಾಲ. ಊರೆಲ್ಲ ಬಸ್ಸಿನ ತನಕ ಹೋಗಿ ಕಳಿಸಿ ಬಂದೆವು. ಎರಡು ದಿನಕ್ಕೇ ವಾಪಸ್ ಬಂದರು. ಹೆದರಿಕೊಂಡಿರಬೇಕು ಎಂದು ಜನ ಮಾತಾಡಿಕೊಂಡರು. ಒಂದು ಸಂಜೆ ಕಣದಲ್ಲಿ ನಾವಿಬ್ಬರೇ ಇದ್ದಾಗ ಅಣ್ಣ ನನಗೊಬ್ಬನಿಗೇ ಹೇಳಿದರು.

"ಪಕ್ಕದೋನು ಕೈ ಒತ್ತಲೇ ಇಲ್ಲ ಕಣೋ. ನಾನು ಕಾಯ್ಕಂಡೇ ನಿಂತಿದ್ದೆ."

ಗುರುತಿಲ್ಲದವರನ್ನೆಲ್ಲ ಸೇರಿಸಿ ತಂಡ ಮಾಡಿದ್ದರಂತೆ. ಪಕ್ಕದವನಿಗೆ ನಮ್ಮೂರಿನ ಲೆಕ್ಕಾಚಾರ ಹೇಗೆ ಗೊತ್ತಿರಬೇಕು? ಅಣ್ಣನಿಗಾದರೂ ಹೇಳಬೇಕು ಎಂದು ಹೊಳೆದಿರಲಿಲ್ಲ. ಕಬಡ್ಡಿ ಅಂದರೆ ಎಲ್ಲ ಕಡೆಯೂ ಹೀಗೇ ಎಂದುಕೊಂಡಿದ್ದರು ಪಾಪ. ಎದುರಿನ ಕಾಲುಗಳು ಬಂದವು, ಹೋದವು. ಅವರು ನಿಂತೇ ಇದ್ದರು.

ಅಲ್ಲಿಂದ ಅವರಿಗೆ ಒಂದೇ ಹಟ ಹಿಡಿಯಿತು, ಒಬ್ಬನೇ ಹಿಡಿಯುವುದನ್ನು ಕಲಿಯಬೇಕು. ರಾಗಿ ಒಕ್ಕಣೆ ಮುಗಿದ ಕಣದಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನುಗ್ಗಿಸಿ, ತಾವೊಬ್ಬರೇ ಮೂಲೆಯಲ್ಲಿ ನಿಂತು ಹಿಡಿಯುತ್ತಿದ್ದರು. ಮೊದಮೊದಲು ನಾವು ಅವರನ್ನು ಗೆರೆಯ ತನಕ ದರದರ ಎಳೆದುಕೊಂಡು ಹೋಗುತ್ತಿದ್ದೆವು. ಮಂಡಿ, ಮೊಣಕೈ ಎಲ್ಲ ತರಚಿ ರಕ್ತ. ಬರಬರುತ್ತಾ ಎಳೆಯಲು ಆಗದ ಹಾಗಾಯಿತು. ನನ್ನ ಕೈ ಹಿಡಿಯುವುದನ್ನೂ ಬಿಟ್ಟರು. ಅವರ ಒಳ್ಳೆಯದಕ್ಕೇ ಎಂದು ಗೊತ್ತಿದ್ದರೂ ನನಗೆ ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಮುಂದಿನ ವರ್ಷ ಹಳೇಬೀಡಿನಲ್ಲಿ ನಡೆದ ಪಂದ್ಯಕ್ಕೆ, ಬೆಂಗಳೂರಿನಲ್ಲಿ ಆಯ್ಕೆ ಮಾಡುತ್ತಿದ್ದ ಯಜಮಾನರೊಬ್ಬರು ಅತಿಥಿಯಾಗಿ ಬಂದಿದ್ದರು. ಆಟಕ್ಕೆ ಇಳಿಯುವ ಮೊದಲು ಅಣ್ಣ ನಮ್ಮನ್ನೆಲ್ಲ ಗುಂಪು ಸೇರಿಸಿದರು.

"ಇವತ್ತು ನಾನು ಕಾಲು ಹಿಡ್ಕಂಡ್ರೆ ಯಾರೂ ಬರ್ಬ್ಯಾಡಿ. ಅವ್ರು ನೋಡ್ಬೇಕು."

ಆಗಲಿ ಎಂದೆವು.

ಎದುರಿನವರು ಅರೇಹಳ್ಳಿ ಕಡೆಯ ತಂಡ. ಅವರ ರೈಡರ್ ಮರದ ದಿಮ್ಮಿಯಂಥ ಆಳು. ಅವನು ಒಳಗೆ ಬಂದು ಎಡಕ್ಕೆ ತಿರುಗುವಷ್ಟರಲ್ಲಿ ಅಣ್ಣ ಹಾರಿ ಪಾದ ಹಿಡಿದಾಗಿತ್ತು. ಅವನು ಗೆರೆಯ ಕಡೆಗೆ ಬಾಗಿ ಎಳೆಯತೊಡಗಿದ. ಬೇರೆ ದಿನವಾಗಿದ್ದರೆ ಅಷ್ಟು ಹೊತ್ತಿಗೆ ನಾವೆಲ್ಲ ಅವನ ಮೇಲಿರುತ್ತಿದ್ದೆವು. ಅವತ್ತು ನಿಂತು ನೋಡಿದೆವು. ಅಣ್ಣನ ಒಂದು ಕಾಲು ಮೈಕೆಳಗೆ ಮಡಿಚಿಕೊಂಡಿತ್ತು, ಅವನು ಎಳೆದ ಹಾಗೆಲ್ಲ ಅದು ಇನ್ನಷ್ಟು ತಿರುಚಿಕೊಳ್ಳುತ್ತಿತ್ತು. ನನ್ನ ಹೆಜ್ಜೆ ತಾನಾಗಿಯೇ ಮುಂದೆ ಹೋಯಿತು. ಕೆಳಗಿನಿಂದಲೇ ಅವರು "ಬರ್ಬ್ಯಾಡ್ವೋ" ಎಂದರು. ನಿಂತುಬಿಟ್ಟೆ.

ರೈಡರನ ಉಸಿರು ಕಟ್ಟಿತು, ಸೀಟಿ ಊದಿದರು, ಪಾಯಿಂಟ್ ನಮ್ಮದಾಯಿತು. ಜನ ಚಪ್ಪಾಳೆ ಹೊಡೆದರು. ಅವತ್ತೊಂದು ದಿನ ಆ ಚಪ್ಪಾಳೆ ಕಾರ್ನರಣ್ಣನಿಗೆ. ಅವರು ಮಾತ್ರ ಮೇಲೇಳಲಿಲ್ಲ.

ಆಯ್ಕೆಯಾಯಿತು ಅನ್ನುವುದೇ ಸಂಕಟ. ಕ್ಯಾಂಪಿಗೆ ಬರಬೇಕೆಂದು ಹೇಳಿ ಕಳಿಸಿದಾಗ ಅಣ್ಣ ಮಂಡಿಗೆ ನಾಟಿ ಕಟ್ಟು ಕಟ್ಟಿಸಿಕೊಂಡು ಮಲಗಿದ್ದರು. ಮೂಳೆ ಮುರಿದದ್ದಲ್ಲ, ಒಳಗಿನ ನರ ಹರಿದಿದೆ ಎಂದು ಹಾಸನದ ಡಾಕ್ಟರು ಹೇಳುವ ಹೊತ್ತಿಗೆ ತಡವಾಗಿತ್ತು. ಆಮೇಲೆ ಅವರು ಹಳೇಬೀಡಿನಲ್ಲಿ ಹಗ್ಗ, ಮೂಗುದಾರ ಮಾರುವ ಅಂಗಡಿ ಇಟ್ಟರು, ಮದುವೆಯಾದರು. ನಾನು ಅರಸೀಕೆರೆಗೆ ಬಂದುಬಿಟ್ಟೆ. ಆ ಕಡೆ ಹೋದಾಗ ಅಂಗಡಿಯಲ್ಲಿ ಕೂತು ಬರುತ್ತಿದ್ದೆ. ಕಬಡ್ಡಿಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ...

ಹೋದ ವರ್ಷ ತೀರಿಕೊಂಡರು. ತಿಥಿಗೆ ಹೋಗಿದ್ದೆ. ಊಟ ಮುಗಿದು ಜನ ಕರಗಿದ ಮೇಲೆ ಅತ್ತಿಗೆ ನನ್ನ ಹತ್ತಿರ ಬಂದು ಕೂತರು. ನನ್ನೆದುರು ಆ ಮಾತೇ ಆಡದ ಅಣ್ಣ ಮನೆಯಲ್ಲಿ ಆಡುತ್ತಿದ್ದರೆಂದು ಗೊತ್ತಾದದ್ದು ಆಗ. ಹಳೇಬೀಡಲ್ಲಿ ಒಬ್ಬನೇ ಹಿಡಿದೆ, ಯಾರೂ ಮುಟ್ಟಲಿಲ್ಲ ಎಂದು ಕೊನೆಯ ತನಕ ಹೇಳುತ್ತಿದ್ದರಂತೆ. ಅದು ನಿಜವೇ ಎಂದು ಅತ್ತಿಗೆ ಕೇಳಿದರು.

ನನಗೆ ಎದೆ ತುಂಬಿ ಬಂತು. ಅಣ್ಣನ ಪರವಾಗಿ ಸಾಕ್ಷಿ ಹೇಳುವ ಭಾಗ್ಯ ಇಷ್ಟು ವರ್ಷದ ಮೇಲೆ ಸಿಕ್ಕಿತಲ್ಲ ಎಂದು, ಎದ್ದು ನಿಂತೇ ಹೇಳಿದೆ. ನಿಜ ಅತ್ತಿಗೆ, ಅವರೊಬ್ಬರೇ ಹಿಡಿದರು, ನಾವ್ಯಾರೂ ಹತ್ತಿರ ಕೂಡ ಹೋಗಲಿಲ್ಲ, ಅಂಥ ಹಿಡಿತ ನಾನು ಮತ್ತೆ ನೋಡಲಿಲ್ಲ ಎಂದೆ.

ಅತ್ತಿಗೆಗೆ ಕೋಪವೇನೂ ಇರಲಿಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದರು.

"ಅಷ್ಟು ಜನ ಇದ್ರಲ್ಲಪ್ಪ. ಒಬ್ರೂ ಹೋಗ್ಲಿಲ್ವಾ?"

ಅವರೇ ಬೇಡ ಅಂದಿದ್ದರು ಎಂದು ಬಾಯಿ ತನಕ ಬಂತು. ಇಪ್ಪತ್ತೈದು ವರ್ಷ ಆ ಕಾಲನ್ನು ನೀವಿ, ಬಚ್ಚಲಿಗೆ ಹೆಗಲು ಕೊಟ್ಟು ಕರೆದುಕೊಂಡು ಹೋದವರ ಮುಂದೆ ಅದನ್ನು ಹೇಗೆ ಹೇಳುವುದು?

"ಇಲ್ಲ ಅತ್ತಿಗೆ, ಹೋಗ್ಲಿಲ್ಲ" ಎಂದೆ.

ಆ ಮನೆಗೆ ಮತ್ತೆ ಹೋಗುವ ಧೈರ್ಯ ನನಗೆ ಇನ್ನೂ ಬಂದಿಲ್ಲ.