ನುಸಿ ಹತ್ತಿದ ತೋಟಕ್ಕೆ ಹೋಗಿ ಬಂದವಳು

ದಿಯೆಮ್‌ಗೆ ಹಾವು ಕಂಡರೆ ಹೆದರಿಕೆಯಿಲ್ಲ. ಜಿಗಣೆ ಕಚ್ಚಿದರೆ ಕಿತ್ತು ಎಸೆಯುತ್ತಾಳೆ. ಗಿಡದ ರಸ ಹೀರುವ ಕೆಂಪು ನುಸಿ ಕಂಡರೆ ಮಾತ್ರ ಅವಳಿಗೆ ಎಲ್ಲಿಲ್ಲದ ಹೇಸಿಗೆ.

ಚೊ ಲಾಕ್ ಎಂಬ ಊರಿನ ಕಾಲುವೆ ದಂಡೆಯಲ್ಲಿ ಕುಂಡಗಳಲ್ಲಿ ಮಾಯ್ ಗಿಡ ಬೆಳೆಸಿ ಮಾರುವುದೇ ಅವಳ ಬದುಕು. ಚಾಂದ್ರಮಾನ ಹೊಸವರ್ಷದ ಬೆಳಿಗ್ಗೆ ಅದರ ಹಳದಿ ಹೂ ಅರಳಬೇಕೆಂದರೆ, ಹನ್ನೆರಡನೇ ತಿಂಗಳ ಹುಣ್ಣಿಮೆಯ ಹೊತ್ತಿಗೆ ಎಲೆಯನ್ನೆಲ್ಲ ಕೈಯಿಂದ ಕೀಳಬೇಕು. ಒಬ್ಬಳಿಂದ ಆಗುವ ಕೆಲಸವಲ್ಲ. ಅದಕ್ಕೇ ಅಲ್ಲಿ ಮುಯ್ಯಾಳು ನಡೆಯುತ್ತದೆ: ಎಲ್ಲರೂ ಸೇರಿ ಒಂದು ತೋಟ ಮುಗಿಸಿ, ಇನ್ನೊಂದಕ್ಕೆ ಹೋಗುತ್ತಾರೆ.

ಈ ಸಲ ಮೊದಲ ಸರದಿ ಪಕ್ಕದ ತೋಟದ ಖಾಂಗ್ ಮಾಮನದು. ಎಲೆ ಮಗುಚಿದರೆ ಹಿಂದೆಲ್ಲ ಕೆಂಪು ಹುಡಿ. ನೋಡುತ್ತಿದ್ದಂತೆ ಆ ಹುಡಿ ಹರಿದಾಡಿತು. ರೆಂಬೆಗಳ ನಡುವೆ ಕೊಳಕು ಬಲೆ.

"ಥೂ! ಮಾಮ, ಎಲೆ ಅಡಿಗೆ ನೀರು ರಾಚಿ ತೊಳೆಯೋಕೆ ಏನಾಗಿತ್ತು ನಿಮಗೆ?"

"ಎಲೆ ಹೋದಮೇಲೆ ನುಸೀನೂ ಹೋಗತ್ತೆ ಬಿಡೇ," ಎಂದು ಖಾಂಗ್ ಕಿತ್ತ ಎಲೆಯನ್ನು ಗಿಡದ ಬುಡಕ್ಕೇ ಸುರಿದ.

"ಅಲ್ಲಿಂದ ಮತ್ತೆ ಮೊಗ್ಗಿಗೆ ಹತ್ತತ್ತೆ. ಗುಡಿಸಿ ಸುಡಿ."

"ನೋಡ್ರೇ, ನಾಜೂಕಮ್ಮ ಶುರು ಮಾಡಿದಳು!"

ಮುಯ್ಯಾಳಿಗೆ ಬಂದಿದ್ದ ಹೆಂಗಸರು ನಕ್ಕರು. ದಿಯೆಮ್ ಮೂಗು ಮುರಿದು ಎಲೆ ಕಿತ್ತಳು.

ಮಧ್ಯಾಹ್ನ ಎಲ್ಲರೂ ಅವಳ ತೋಟಕ್ಕೆ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಕಾಲುವೇಲಿ ಮುಳುಗಿ, ಅಂಗಿ ಬದಲಿಸಿ ಬನ್ನಿ. ಹಾಗೇ ಬಂದರೆ ನನ್ನ ಗಿಡಕ್ಕೂ ಹತ್ತತ್ತೆ."

"ನನ್ನ ತೋಟ ಏನು ಕೊಚ್ಚೆಗುಂಡಿನಾ?" ಖಾಂಗ್ ಕೇಳಿದ.

"ಹೌದು ಮಾಮ."

"ಹಾಗಿದ್ರೆ ನಿನ್ನ ಎಲೆ ನೀನೇ ಕಿತ್ಕೋ." ಅವನು ತಿರುಗಿ ನಡೆದ. ಉಳಿದವರೂ ಅವನ ಹಿಂದೆ ಹೋದರು.

ದಿಯೆಮ್ ಕುತ್ತಿಗೆಯ ಚೌಕಳಿ ವಸ್ತ್ರವನ್ನು ಗೂಟಕ್ಕೆ ಸಿಕ್ಕಿಸಿ ನೀರಿಗಿಳಿದಳು. ಮೈ ಉಜ್ಜಿ ತೊಳೆದು, ಬೇರೆ ಅಂಗಿ ತೊಟ್ಟು, ಅದೇ ವಸ್ತ್ರದಿಂದ ತಲೆ ಒರೆಸಿ ಮತ್ತೆ ಕುತ್ತಿಗೆಗೆ ಸುತ್ತಿಕೊಂಡಳು. ಒಂದೊಂದೇ ಗಿಡದ ಒಳಗೆ ತಲೆ ತೂರಿಸಿ ಎಲೆ ಕಿತ್ತಳು. ಸಂಜೆಯಾದರೂ ಕೆಲಸ ಅರ್ಧವೂ ಮುಗಿಯಲಿಲ್ಲ.

ಬೆವರು ಒರೆಸಲು ವಸ್ತ್ರ ಬಿಚ್ಚಿದಾಗ ಅದರ ಮಡಿಕೆಯಲ್ಲಿ ಕೆಂಪು ಹುಡಿ ಹರಿದಾಡುತ್ತಿತ್ತು. ತಲೆ ಒರೆಸಲು ಒಣಗಿರಲೆಂದು ಅದೊಂದನ್ನೇ ಅವಳು ನೀರಿಗೆ ಅದ್ದಿರಲಿಲ್ಲ. ಕಿತ್ತು ಮುಗಿಸಿದ ಗಿಡಗಳ ಮೊಗ್ಗುಗಳನ್ನು ನೋಡಿದಳು. ಅಲ್ಲೂ ನುಸಿ ಇತ್ತು. ಕಾಲುವೆ ಅಂಚಿಗೆ ಓಡಿ ವಾಂತಿ ಮಾಡಿದಳು.

ಆಮೇಲೆ ಎಲೆಯನ್ನೆಲ್ಲ ಗುಡಿಸಿ, ವಸ್ತ್ರವನ್ನೂ ಅದರ ಮೇಲೆ ಎಸೆದು ಬೆಂಕಿ ಹಚ್ಚಿದಳು. ನುಸಿ ಸಾಯಲೆಂದು ಗಿಡಗಳಿಗೆ ಎರಚಲು ಗಂಧಕದ ನೀರು ಕಲಸಿದಳು.

"ಏನೇ ನಾಜೂಕಮ್ಮ, ಏನು ಸುಡ್ತಿದೀಯ?" ಬೇಲಿಯಾಚೆಯಿಂದ ಖಾಂಗ್ ಕೂಗಿದ.

ದಿಯೆಮ್ ಕಾಲುವೆಗೆ ಉಗುಳಿದಳು.

"ನನ್ನದೂ ಕೊಚ್ಚೆಗುಂಡಿ ಆಯ್ತು ಮಾಮ. ಇನ್ನು ಮುಳುಗೋದೇನೂ ಬೇಡ. ಎಲ್ಲರನ್ನೂ ಕರಕೊಂಡು ಹಾಗೇ ಬನ್ನಿ."